ಕೇಳಿಸ್ಕೊಂಡಿದ್ದು ಕನ್ನಡದಲ್ಲೇ ಅಲ್ವಾ ಮೇಷ್ಟ್ರೇ?

ಪತ್ರ: ಕಲಬುರಗಿ ಕಡೆ ಡಿಗ್ರಿ ಕಾಲೇಜಿನಾಗ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕ ಇದ್ದೀನ್ರಿ. ತೊಗರಿ ಹೊಲದ ಕೂಲಿ ಹೆಣ್ಮಕ್ಕಳ ಬಗ್ಗೆ ನಾಕು ವರ್ಷ ಅಡ್ಡಾಡಿ ಬರ್ದೀನಿ. ಕನ್ನಡದಾಗ ಬರ್ದ್ರ ಹೊರಗಿನವ್ರು ನೋಡಂಗಿಲ್ಲ, ಸ್ಕೋಪಸ್ ಅನ್ನೋ ಅಂತರರಾಷ್ಟ್ರೀಯ ಜರ್ನಲ್ ಪಟ್ಟಿನಾಗ ಇಲ್ಲದ್ದು ರಿಸರ್ಚೇ ಅಲ್ಲ ಅಂತಾರ. ಕನ್ನಡ ಬಿಟ್ಟುಬಿಡಬೇಕೇನ್ರಿ?

ಉತ್ತರ: ಬಿಡಬೇಡಿ ಮೇಷ್ಟ್ರೇ. ಇಂಗ್ಲಿಷಲ್ಲೂ ಬರೀರಿ, ಸ್ಕೋಪಸ್ ಜರ್ನಲ್‌ಗೂ ಕಳಿಸಿ, ನಾಳೆ ಕಾಯಂ ಕೆಲಸಕ್ಕೆ ಅರ್ಜಿ ಹಾಕೋವಾಗ ಬೇಕಾಗತ್ತೆ. ಆದ್ರೆ ಆ ‘ರಿಸರ್ಚೇ ಅಲ್ಲ’ ಅನ್ನೋ ಮಾತನ್ನ ನೀವೂ ಅರ್ಧ ನಂಬಿದೀರಲ್ಲ, ಅದು ನಂಗೆ ಹಿಡಿಸ್ಲಿಲ್ಲ. ಸ್ಕೋಪಸ್ ಅನ್ನೋದು 2004ರಲ್ಲಿ ಎಲ್ಸೆವಿಯರ್ ಅನ್ನೋ ಪ್ರಕಾಶನ ಕಂಪನಿ ಶುರು ಮಾಡಿದ್ದು. ಅದಕ್ಕೂ ಮುಂಚೆ ನಮ್ಮಲ್ಲಿ ಯಾರೂ ಸಮಾಜ ಓದಿರ್ಲಿಲ್ವಾ?

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಅಲ್ಲೇ ಹತ್ರದ ಒಂದು ಹಳ್ಳಿಗೆ ಹೋಗಿ ಉಳಿದ್ರು, ಬರವಣಿಗೆಯಲ್ಲಿ ಅದಕ್ಕೆ ರಾಮಪುರ ಅಂತ ಹೆಸರಿಟ್ರು. ಊರಲ್ಲಿ ಜನ, ಜಮೀನು, ಅಧಿಕಾರ ಹೆಚ್ಚಿರೋ ಜಾತಿಯ ಮಾತೇ ನಡಿಯತ್ತೆ ಅನ್ನೋ ‘ಪ್ರಬಲ ಜಾತಿ’ ವಿಚಾರ ಗಟ್ಟಿಯಾಗಿದ್ದು ಅಲ್ಲಿ, ಟೀವಿಯಲ್ಲಿ ದಿನಾ ಕೇಳೋ ‘ವೋಟ್ ಬ್ಯಾಂಕ್’ ಪದಾನೂ ಆ ಹಳ್ಳಿ ಬಗ್ಗೆ ಅವರು ಬರೆದಿದ್ದರಿಂದ್ಲೇ ಬಂತು ಅಂತಾರೆ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು, ವರ್ಷಗಟ್ಟಲೆ ತಿದ್ದಿ ಇಟ್ಟಿದ್ದ ಟಿಪ್ಪಣಿಗಳು ಸುಟ್ಟೋದ್ವು, ಆಮೇಲೆ ನೆನಪಿಂದ ಬರೆದ ಪುಸ್ತಕ 1976ರಲ್ಲಿ ಬಂತು. ಬರೆದಿದ್ದು ಇಂಗ್ಲಿಷಲ್ಲಿ, ನಿಜ. ಆದ್ರೆ ಬೆಂಕಿಗೂ ಸಿಗದೆ ಉಳಿದ ಆ ನೆನಪು ಜಗಲಿ ಮೇಲೆ ಕೂತು ಕನ್ನಡದಲ್ಲಿ ಕೇಳಿಸ್ಕೊಂಡಿದ್ದು.

ಬ್ರೆಜಿಲ್‌ನವರನ್ನ ನೋಡಿ. ನಮ್ಮ ಜರ್ನಲ್‌ಗಳನ್ನ ಯಾರೂ ಪಟ್ಟಿಗೆ ಸೇರಿಸಲ್ಲ ಅಂತ ಅಳ್ತಾ ಕೂರ್ಲಿಲ್ಲ, 1998ರಲ್ಲಿ ಸೈಎಲೋ ಅಂತ ತಮ್ದೇ ಒಂದು ವ್ಯವಸ್ಥೆ ಕಟ್ಟಿದ್ರು, ಪೋರ್ಚುಗೀಸು ಸ್ಪ್ಯಾನಿಷ್ ಲೇಖನಗಳೂ ಪುಕ್ಕಟೆ ಓದೋಕೆ ಸಿಗತ್ತೆ, ಲ್ಯಾಟಿನ್ ಅಮೆರಿಕದ ಬೇರೆ ದೇಶಗಳೂ ಸೇರ್ಕೊಂಡ್ವು. ನಾವೇನು ಮಾಡಿದ್ವಿ? ದೇಶದ ಪಿಎಚ್‌ಡಿ ಪ್ರಬಂಧಗಳನ್ನ ಇಡೋ ಶೋಧಗಂಗಾ ಜಾಲತಾಣದಲ್ಲಿ ಕನ್ನಡದವೂ ಇವೆ, ತುಂಬಾ ಒಳ್ಳೇದು, ಆದ್ರೆ ಎಷ್ಟೋ ಬರೀ ಸ್ಕ್ಯಾನ್ ಮಾಡಿದ ಚಿತ್ರ, ಇನ್ನು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು ಗೂಗಲ್ಲಿಗೆ ಕನ್ನಡ ಅಂತಾನೇ ಗೊತ್ತಾಗಲ್ಲ. ಹೊರದೇಶದವರು ಹಾಗಿರ್ಲಿ, ಧಾರವಾಡದ ವಿದ್ಯಾರ್ಥಿ ಬರೆದಿದ್ದು ಮಂಗಳೂರಿನ ವಿದ್ಯಾರ್ಥಿಗೇ ಸಿಗಲ್ಲ! ಇದನ್ನ ಸರಿ ಮಾಡೋದು ಬಿಟ್ಟು, ದುಡ್ಡು ಕಟ್ಟಿದ್ರೆ ವಾರದಲ್ಲಿ ‘ಇಂಟರ್‌ನ್ಯಾಷನಲ್’ ಪೇಪರ್ ಹಾಕಿಕೊಡೋ ಅಂಗಡಿಗಳಿಗೆ ನಿಮ್ಮಂಥ ಅತಿಥಿ ಉಪನ್ಯಾಸಕರು ಸಂಬಳ ಸುರೀತಿದಾರೆ, ನಂಗೆ ಹೊಟ್ಟೆ ಉರಿಯತ್ತೆ.

ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗ್ಗೆ ಬಂದ 2002ರ ನಂಜುಂಡಪ್ಪ ವರದಿ 175 ತಾಲೂಕಲ್ಲಿ 114 ಹಿಂದುಳಿದಿವೆ ಅಂತು. ಅದನ್ನ ಹಿಡ್ಕೊಂಡು ನಿಮ್ಮ ಭಾಗದ ಜನ ಇವತ್ತಿಗೂ ಸರ್ಕಾರವನ್ನ ಕೇಳ್ತಾರೆ. ಸಂಶೋಧನೆ ಕಾಣಿಸೋದು ಅಂದ್ರೆ ನಂಗೆ ಮೊದಲು ಇದು.

ಹಿಂದೊಮ್ಮೆ ನಮ್ಮೂರಿಗೆ ಸರ್ವೆಯವರು ಬಂದಿದ್ರು. ಮುಂದಿನ ವರ್ಷ ನಾನು ಊರಿಗೆ ಹೋದಾಗ ಪಕ್ಕದ ಮನೆ ಅಜ್ಜಿ, ‘ಅಷ್ಟೊತ್ತು ಕೂತು ಬರ್ಕೊಂಡು ಹೋದ್ರಲ್ಲಪ್ಪ, ಅದೇನಾಯ್ತು?’ ಅಂದ್ರು. ನನ್ ಹತ್ರ ಉತ್ತರ ಇರ್ಲಿಲ್ಲ. ನಿಮ್ಮ ತೊಗರಿ ಹೊಲದ ಹೆಣ್ಮಕ್ಕಳೂ ಕೇಳ್ತಾರೆ ಮೇಷ್ಟ್ರೇ. ಲೇಖನ ನಮ್ಮ ಪತ್ರಿಕೆಗೆ ಕನ್ನಡದಲ್ಲೇ ಕಳಿಸಿ, ಯೂನಿಕೋಡಲ್ಲಿ, ಮೇಲೊಂದು ಪುಟ ಇಂಗ್ಲಿಷ್ ಸಾರಾಂಶ ಇರ್ಲಿ. ಆರು ಪುಟ ತೆಗೆದಿಟ್ಟಿರ್ತೀನಿ.