ತಿಮಿಂಗಿಲ ಪಕ್ಕಕ್ಕಿಡಿ, ಹುಕುಂ ಯಾರದ್ದು ನೋಡಿ: ಹರ್ಮನ್ ಮೆಲ್ವಿಲ್ ಬಗ್ಗೆ

ನಿಮ್ಮ ಪ್ರಶ್ನೆ ಇಷ್ಟು: 'ಮೋಬಿ ಡಿಕ್' ಶುರು ಮಾಡಿದಿರಿ, ತಿಮಿಂಗಿಲಗಳ ಜಾತಿ ವಿವರಿಸುವ ಅಧ್ಯಾಯ ಬಂದ ಕೂಡಲೇ ಪುಸ್ತಕ ಮುಚ್ಚಿಟ್ಟಿರಿ. ಇದನ್ನು ಬರೆದ ಹರ್ಮನ್ ಮೆಲ್ವಿಲ್ ಎಂಥ ಮನುಷ್ಯ, ಅವನ ಕಥೆಗಳಲ್ಲಿ ಕಡಲು, ಹಡಗು ಬಿಟ್ಟರೆ ಬೇರೇನಾದರೂ ಇದೆಯಾ, ಮುಂದುವರಿಸಬಹುದಾ ಅಂತ ಕೇಳಿದ್ದೀರಿ.

ಖಂಡಿತ ಮುಂದುವರಿಸಿ. ಆದರೆ ತಿಮಿಂಗಿಲದ ಕಥೆ ಅಂದುಕೊಂಡು ಓದಬೇಡಿ. ನನಗೆ ಮೆಲ್ವಿಲ್‌ನ ಬರಹದಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ಗಂಟು. ಒಬ್ಬ ಹುಕುಂ ಕೊಡುತ್ತಾನೆ. ಅದು ತಪ್ಪು ಅಂತ ಉಳಿದವರಿಗೆ ಗೊತ್ತು. ಆದರೂ ಮಾಡುತ್ತಾರೆ. ಯಾಕೆ? ಯಾರಾದರೂ ಒಬ್ಬ 'ಆಗಲ್ಲ' ಅಂದುಬಿಟ್ಟರೆ ಏನಾಗುತ್ತದೆ? ಹಡಗು ಅವನಿಗೆ ಅನುಕೂಲವಾಗಿದ್ದು ಇದಕ್ಕೇ. ನಡುಗಡಲಲ್ಲಿ ಕ್ಯಾಪ್ಟನ್ ಹೇಳಿದ್ದೇ ಕಾನೂನು, ಬಿಟ್ಟು ಹೋಗುತ್ತೇನೆ ಅಂದರೆ ಹೋಗಲು ಜಾಗವೇ ಇಲ್ಲ.

ಅವನು ಹುಟ್ಟಿದ್ದು 1819ರಲ್ಲಿ, ನ್ಯೂಯಾರ್ಕ್‌ನಲ್ಲಿ. ಒಳ್ಳೆಯ ಮನೆತನ. ಅಪ್ಪ ಫ್ರಾನ್ಸಿನಿಂದ ಸರಕು ತರಿಸಿ ಮಾರುತ್ತಿದ್ದ, ಮೈತುಂಬ ಸಾಲ ಮಾಡಿಕೊಂಡು 1832ರಲ್ಲಿ ತೀರಿಕೊಂಡ. ಮನೆಯಲ್ಲಿ ಎಂಟು ಮಕ್ಕಳು, ಹರ್ಮನ್‌ಗೆ ಆಗ ಹನ್ನೆರಡು ವರ್ಷ. ಸ್ಕೂಲು ಬಿಡಿಸಿ ಬ್ಯಾಂಕಿನಲ್ಲಿ ಗುಮಾಸ್ತಿಕೆಗೆ ಹಾಕಿದರು. ಆಮೇಲೆ ದೊಡ್ಡಪ್ಪ-ಚಿಕ್ಕಪ್ಪಂದಿರ ಕಡೆ ಹೊಲದ ಕೆಲಸ, ಅಣ್ಣನ ಅಂಗಡಿ, ಹಳ್ಳಿ ಶಾಲೆಯ ಮೇಷ್ಟರಿಕೆ. ಯಾವುದೂ ಕೈ ಹತ್ತಲಿಲ್ಲ. 1841ರ ಜನವರಿಯಲ್ಲಿ 'ಅಕುಶ್ನೆಟ್' ಅನ್ನುವ ತಿಮಿಂಗಿಲ ಬೇಟೆಯ ಹಡಗು ಹತ್ತಿದ. ಆ ಕಾಲದಲ್ಲಿ ಮನೆಯ ದೀಪ ಉರಿಯಲು ತಿಮಿಂಗಿಲದ ಎಣ್ಣೆ ಬೇಕಿತ್ತು. ಒಂದೊಂದು ಯಾನ ಮೂರು ನಾಲ್ಕು ವರ್ಷ ಹಿಡಿಯುತ್ತಿತ್ತು.

ಮುಂದಿನದ್ದು ನೋಡಿ. ಒಂದೂವರೆ ವರ್ಷಕ್ಕೆ ಅವನಿಗೆ ಸಾಕಾಯಿತು. 1842ರ ಜುಲೈನಲ್ಲಿ ಪೆಸಿಫಿಕ್‌ನ ನುಕು ಹಿವಾ ದ್ವೀಪದಲ್ಲಿ ಜೊತೆಗಾರನೊಬ್ಬನ ಸಂಗಡ ಹಡಗಿನಿಂದ ಓಡಿಹೋದ. ಅಲ್ಲಿನ ಕಣಿವೆಯ ಜನರ ಜೊತೆ ಕೆಲವು ವಾರ ಇದ್ದ. ಅಲ್ಲಿಂದ 'ಲೂಸಿ ಆ್ಯನ್' ಅನ್ನುವ ಇನ್ನೊಂದು ಹಡಗು ಹತ್ತಿದರೆ, ಅಲ್ಲಿ ನಾವಿಕರೆಲ್ಲ ಸೇರಿ ಕೆಲಸ ಮಾಡಲ್ಲ ಅಂತ ಕೂತರು. ಇವನೂ ಅವರ ಪೈಕಿ ಒಬ್ಬ. ತಾಹಿತಿಯಲ್ಲಿ ಬಂದೀಖಾನೆ, ಅಲ್ಲಿಂದಲೂ ಪರಾರಿ. ಕೊನೆಗೆ ಊರು ಸೇರಲು ಅಮೆರಿಕದ ಯುದ್ಧನೌಕೆಯಲ್ಲೇ ನಾವಿಕನಾಗಿ ಸೇರಿಕೊಂಡ. ಸಣ್ಣಪುಟ್ಟ ತಪ್ಪಿಗೂ ಎಲ್ಲರೆದುರು ಬೆನ್ನ ಮೇಲೆ ಚಾಟಿ ಬೀಸುವುದನ್ನು ಅಲ್ಲಿ ಕಣ್ಣಾರೆ ಕಂಡ. 1844ರಲ್ಲಿ ಬಾಸ್ಟನ್‌ನಲ್ಲಿ ಇಳಿದಾಗ ಅವನಿಗೆ ಇಪ್ಪತ್ತೈದು ವರ್ಷ, ಆಗಲೇ ಹುಕುಂ ಮೀರಿ ಓಡಿದ ಅನುಭವ ಬೇಕಾದಷ್ಟಿತ್ತು.

ಅದನ್ನೇ ಬರೆದ. 1846ರ 'ಟೈಪೀ' ಅವನನ್ನು ಹೆಸರುವಾಸಿ ಮಾಡಿತು. ದ್ವೀಪದಲ್ಲಿ ಇದ್ದ ದಿನಗಳನ್ನು ಅದರಲ್ಲಿ ಕೆಲವು ತಿಂಗಳು ಅಂತ ಎಳೆದಿದ್ದಾನೆ, ಅದು ಬೇರೆ ಮಾತು. 1850ರ 'ವೈಟ್ ಜಾಕೆಟ್'ನಲ್ಲಿ ಚಾಟಿ ಏಟಿನ ವಿರುದ್ಧ ಅಧ್ಯಾಯಗಟ್ಟಲೆ ಬರೆದಿದ್ದಾನೆ. ಅಮೆರಿಕದ ನೌಕಾಪಡೆಯಲ್ಲಿ ಆ ಶಿಕ್ಷೆ ರದ್ದಾಗಿದ್ದೂ ಅದೇ ವರ್ಷ. ಪುಸ್ತಕದಿಂದಲೇ ಆಯಿತು ಅನ್ನಲು ಬರುವುದಿಲ್ಲ, ಚಳವಳಿ ಮೊದಲಿಂದಲೂ ನಡೆದಿತ್ತು.

ಈಗ 'ಮೋಬಿ ಡಿಕ್'ಗೆ ಬರೋಣ. ನೀವು ನಿಲ್ಲಿಸಿದ್ದು 32ನೇ ಅಧ್ಯಾಯದಲ್ಲಿ ಅಲ್ವಾ? ಅಯ್ಯೋ, ಇನ್ನು ನಾಲ್ಕು ಅಧ್ಯಾಯ ದಾಟಿದ್ದರೆ ಸಾಕಿತ್ತು. 36ರಲ್ಲಿ ಕ್ಯಾಪ್ಟನ್ ಅಹಾಬ್ ಎಲ್ಲರನ್ನೂ ಹಡಗಿನ ಡೆಕ್ ಮೇಲೆ ಸೇರಿಸುತ್ತಾನೆ. ಹದಿನಾರು ಡಾಲರ್ ಬೆಲೆಯ ಚಿನ್ನದ ನಾಣ್ಯವನ್ನು ಹಾಯಿಮರಕ್ಕೆ ಮೊಳೆ ಹೊಡೆದು ನಿಲ್ಲಿಸುತ್ತಾನೆ. ನನ್ನ ಕಾಲು ಕಿತ್ತುಕೊಂಡ ಬಿಳಿ ತಿಮಿಂಗಿಲವನ್ನು ಮೊದಲು ಕಂಡವನಿಗೆ ಇದು ಅನ್ನುತ್ತಾನೆ. ಎಲ್ಲರೂ ಹೋ ಅಂತ ಕೂಗುತ್ತಾರೆ. ನೆನಪಿಡಿ, ಇವರು ಬಂದಿರುವುದು ಎಣ್ಣೆ ಸಂಪಾದಿಸಲು. ಸಂಬಳ ಇಲ್ಲ, ಬಂದ ಲಾಭದಲ್ಲಿ ಪಾಲು. ಕಥೆ ಹೇಳುವ ಇಷ್ಮೇಲ್‌ಗೆ ಹಡಗಿನ ಮಾಲೀಕರಲ್ಲೊಬ್ಬ ಮೊದಲು 777ರಲ್ಲಿ ಒಂದು ಪಾಲು ಅನ್ನುತ್ತಾನೆ, ಅದೂ ಬೈಬಲ್ ಓದುತ್ತಾ ಕೂತುಕೊಂಡು! ಚೌಕಾಸಿ ಮುಗಿದಾಗ 300ರಲ್ಲಿ ಒಂದಕ್ಕೆ ನಿಲ್ಲುತ್ತದೆ. ದೂರದ ದ್ವೀಪದಿಂದ ಬಂದ ಅವನ ಗೆಳೆಯ ಕ್ವೀಕ್ವೆಗ್ ನೀರಿನ ಮೇಲೆ ತೇಲುತ್ತಿದ್ದ ಸಣ್ಣ ಟಾರು ಚುಕ್ಕೆಗೆ ಗುರಿಯಿಟ್ಟು ಈಟಿ ಎಸೆಯುತ್ತಾನೆ. ಅವನಿಗೆ ಬಾಯಿ ಮುಚ್ಚಿಕೊಂಡು 90ರಲ್ಲಿ ಒಂದು ಕೊಡುತ್ತಾರೆ. ಹೀಗೆ ಕಾಸು ಕಾಸು ಲೆಕ್ಕ ಹಾಕಿ ಹತ್ತಿದವರು, ಒಬ್ಬನ ಹಗೆ ತೀರಿಸಲು ತಮ್ಮ ಲಾಭವನ್ನೇ ಮರೆತು ಅವನ ಹಿಂದೆ ಹೋಗುತ್ತಾರೆ.

ಒಬ್ಬ ಮಾತ್ರ ಬಾಯಿ ಬಿಟ್ಟು ಕೇಳುತ್ತಾನೆ. ಅಹಾಬ್‌ನ ನಂತರದ ಅಧಿಕಾರಿ ಸ್ಟಾರ್‌ಬಕ್: ನಿಮ್ಮ ಸೇಡಿನಿಂದ ಎಷ್ಟು ಪೀಪಾಯಿ ಎಣ್ಣೆ ಬಂದೀತು ಅಂತ. ನೀವು ಏನು ಬಿಟ್ಟರೂ 123ನೇ ಅಧ್ಯಾಯ ಬಿಡಬೇಡಿ. ರಾತ್ರಿ, ಬಿರುಗಾಳಿ ಆಗಷ್ಟೇ ತಗ್ಗಿದೆ. ಗಾಳಿ ತಿರುಗಿದೆ ಅಂತ ಹೇಳಲು ಸ್ಟಾರ್‌ಬಕ್ ಕ್ಯಾಪ್ಟನ್ ಕೋಣೆಗೆ ಇಳಿದು ಬರುತ್ತಾನೆ. ಬಾಗಿಲ ಬಳಿ ಬಂದೂಕುಗಳ ಸಾಲು. ಅದರಲ್ಲೊಂದನ್ನು ಈ ಹಿಂದೆ ಅಹಾಬ್ ಇವನ ಕಡೆಗೇ ಹಿಡಿದಿದ್ದ. ಅದನ್ನೇ ಕೈಗೆ ತೆಗೆದುಕೊಳ್ಳುತ್ತಾನೆ. ಒಳಗೆ ಅಹಾಬ್ ಮಲಗಿದ್ದಾನೆ. ಈಗ ಕುದುರೆ ಎಳೆದರೆ ಮೂವತ್ತಕ್ಕೂ ಹೆಚ್ಚು ಜನ ಉಳಿಯುತ್ತಾರೆ, ತಾನು ಹೆಂಡತಿ ಮಗನ ಮುಖ ನೋಡಬಹುದು. ಕೈ ನಡುಗುತ್ತದೆ. ಒಳಗಿಂದ ಅಹಾಬ್ ನಿದ್ದೆಯಲ್ಲೇ ತಿಮಿಂಗಿಲವನ್ನು ಕೂಗಿ ಕನವರಿಸುತ್ತಾನೆ. ಸ್ಟಾರ್‌ಬಕ್ ಬಂದೂಕು ಇದ್ದ ಜಾಗದಲ್ಲೇ ಇಟ್ಟು ಮೇಲೆ ಹೋಗುತ್ತಾನೆ. ಕ್ಯಾಪ್ಟನ್‌ನನ್ನು ನೀನೇ ಹೋಗಿ ಎಬ್ಬಿಸು ಅಂತ ಇನ್ನೊಬ್ಬನಿಗೆ ಹೇಳುತ್ತಾನೆ. ಅಷ್ಟೇ. ಒಳ್ಳೆಯವನು, ದೈವಭಕ್ತ, ಕಾನೂನು ಮೀರದವನು. ಅವನ ಒಳ್ಳೆಯತನದಿಂದಲೇ ಎಲ್ಲರೂ ಮುಳುಗಿದರು ಅಂತ ನನಗೆ ಅನ್ನಿಸುತ್ತದೆ. ಇದು ಕೊಲೆಯ ಪರ ವಾದ ಅಲ್ಲ, ಮೆಲ್ವಿಲ್ ನಮ್ಮನ್ನು ಸಿಕ್ಕಿಸುವುದೇ ಇಂಥ ಜಾಗದಲ್ಲಿ.

1851ರಲ್ಲಿ ಬಂದ ಈ ಪುಸ್ತಕ ಅವನ ಜೀವಮಾನದಲ್ಲಿ ಮಾರಾಟವಾಗಿದ್ದು ಮೂರು ಸಾವಿರ ಚಿಲ್ಲರೆ ಪ್ರತಿ. ಮೊದಲು ಅಚ್ಚಾದ ಲಂಡನ್ ಆವೃತ್ತಿಯಲ್ಲಿ, ಇಷ್ಮೇಲ್ ಬದುಕುಳಿದದ್ದನ್ನು ಹೇಳುವ ಕೊನೆಯ ಪುಟವೇ ಬಿಟ್ಟುಹೋಗಿತ್ತು. ಎಲ್ಲರೂ ಮುಳುಗಿದ ಮೇಲೆ ಕಥೆ ಹೇಳುತ್ತಿರುವವನು ಯಾರಪ್ಪ ಅಂತ ಅಲ್ಲಿನ ವಿಮರ್ಶಕರು ಗೇಲಿ ಮಾಡಿದರು. ಮರುವರ್ಷ 'ಪಿಯರ್' ಬಂತು. ಪತ್ರಿಕೆಯೊಂದು ಮೆಲ್ವಿಲ್‌ಗೆ ಹುಚ್ಚು ಅಂತಲೇ ತಲೆಬರಹ ಕೊಟ್ಟಿತು.

ಕಡಲು ಬಿಟ್ಟು ಬೇರೇನಿದೆ ಅಂದಿರಲ್ಲ, 1853ರ 'ಬಾರ್ಟಲ್‌ಬಿ' ಇದೆ. ವಾಲ್ ಸ್ಟ್ರೀಟ್‌ನ ವಕೀಲರ ಆಫೀಸು, ಕಿಟಕಿ ಎದುರು ಇಟ್ಟಿಗೆ ಗೋಡೆ. ನಕಲು ಬರೆಯುವ ಗುಮಾಸ್ತ ಒಂದು ದಿನ, ಹೇಳಿದ ಕೆಲಸಕ್ಕೆ 'ಮಾಡದೇ ಇರುವುದೇ ನನಗೆ ಇಷ್ಟ' ಅನ್ನುತ್ತಾನೆ. ಜಗಳ ಇಲ್ಲ, ಕಾರಣ ಇಲ್ಲ. ಹೋಗು ಅಂದರೂ ಹೋಗಲ್ಲ. ಮಜಾ ಏನಂದರೆ ಕೊನೆಗೆ ವಕೀಲನೇ ಆಫೀಸು ಖಾಲಿ ಮಾಡುತ್ತಾನೆ! ನಗುತ್ತಾ ನಗುತ್ತಾ ಓದುವ ಕಥೆ ಜೈಲಿನಲ್ಲಿ ಮುಗಿಯುತ್ತದೆ. 1855ರ 'ಬೆನಿಟೊ ಸೆರೆನೊ'ದಲ್ಲಿ ಗುಲಾಮರನ್ನು ಸಾಗಿಸುವ ಹಡಗೊಂದರಲ್ಲಿ ಕರಿಯ ಸೇವಕ ತನ್ನ ಕ್ಯಾಪ್ಟನ್‌ಗೆ ಕ್ಷೌರ ಮಾಡುವ ದೃಶ್ಯ ಇದೆ. ಕೊರಳಿಗೆ ಸುತ್ತಿದ ಬಟ್ಟೆ ಸ್ಪೇನ್‌ನ ಧ್ವಜ. ಹೆಚ್ಚು ಹೇಳಲ್ಲ. ಹುಕುಂ ಯಾರದ್ದು ಅನ್ನುವುದೇ ಆ ಕಥೆಯ ಗುಟ್ಟು.

ಇಷ್ಟು ಬರೆದವನ ಮುಂದಿನ ಬದುಕು ಬೇರೆಯೇ ದಾರಿ ಹಿಡಿಯಿತು. 1866ರ ಕೊನೆಗೆ ನ್ಯೂಯಾರ್ಕ್ ಬಂದರಿನಲ್ಲಿ ಸುಂಕದ ಇನ್ಸ್‌ಪೆಕ್ಟರ್ ಆದ. ದಿನಕ್ಕೆ ನಾಲ್ಕು ಡಾಲರ್, ಹತ್ತೊಂಬತ್ತು ವರ್ಷ. ಮನೆಯಲ್ಲಿ ಮಾತ್ರ ಅವನೇ ಕ್ಯಾಪ್ಟನ್ ಆಗಿದ್ದ ಅನ್ನಿಸುತ್ತದೆ. 1867ರಲ್ಲಿ ಹೆಂಡತಿ ಎಲಿಜಬೆತ್‌ಳನ್ನು ಅವನಿಂದ ಬಿಡಿಸಿಕೊಂಡು ಬರುವ ಬಗ್ಗೆ ಅವಳ ತವರಿನವರೂ ಪಾದ್ರಿಯೂ ಪತ್ರ ಬರೆದುಕೊಂಡಿದ್ದಾರೆ. ಅವಳು ಹೋಗಲಿಲ್ಲ. ಅದೇ ವರ್ಷ ಹದಿನೆಂಟರ ಮಗ ಮಾಲ್ಕಮ್ ತನ್ನ ಕೋಣೆಯಲ್ಲಿ ಪಿಸ್ತೂಲಿನ ಗುಂಡಿಗೆ ಸತ್ತಿದ್ದ. ಇದನ್ನು ಮುಚ್ಚಿಟ್ಟು ಅವನನ್ನು ಬರೀ ಬಂಡುಕೋರ ಅಂತ ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

ಕೊನೆಯ ವರ್ಷಗಳಲ್ಲಿ 'ಬಿಲ್ಲಿ ಬಡ್' ಬರೆಯುತ್ತಿದ್ದ. 1797ರ ಬ್ರಿಟಿಷ್ ಯುದ್ಧನೌಕೆ. ಬಿಲ್ಲಿ ಎಲ್ಲರಿಗೂ ಬೇಕಾದ ಹುಡುಗ, ಉದ್ವೇಗ ಬಂದರೆ ಮಾತು ತೊದಲುತ್ತದೆ. ಅಧಿಕಾರಿಯೊಬ್ಬ ಅವನ ಮೇಲೆ ದಂಗೆಯ ಸುಳ್ಳು ಆರೋಪ ಹೊರಿಸುತ್ತಾನೆ. ಮಾತು ಹೊರಡದೆ ಬಿಲ್ಲಿ ಒಂದೇಟು ಹೊಡೆಯುತ್ತಾನೆ, ಆ ಮನುಷ್ಯ ಸಾಯುತ್ತಾನೆ. ಮನಸ್ಸಿನಲ್ಲಿ ನಿರಪರಾಧಿ ಅಂತ ಗೊತ್ತಿದ್ದೂ ಕ್ಯಾಪ್ಟನ್ ವಿಯರ್ ನೇಣಿಗೆ ಹಾಕಿಸುತ್ತಾನೆ. ಇಂಥದ್ದನ್ನು ಮೆಲ್ವಿಲ್ ತನ್ನ ಕುಟುಂಬದಲ್ಲೇ ನೋಡಿದ್ದ. 1842ರಲ್ಲಿ ಅಮೆರಿಕದ 'ಸಾಮರ್ಸ್' ಯುದ್ಧನೌಕೆಯಲ್ಲಿ ದಂಗೆಯ ಗುಮಾನಿ ಮೇಲೆ ಮೂವರನ್ನು ನೇಣಿಗೇರಿಸಿದಾಗ ಅಲ್ಲಿ ಅಧಿಕಾರಿಯಾಗಿದ್ದವನು ಅವನ ಸಂಬಂಧಿ ಗೆರ್ಟ್ ಗ್ಯಾನ್ಸ್‌ವೋರ್ಟ್. ಮೆಲ್ವಿಲ್‌ಗೆ ಹೆಣ್ಣು ಕೊಟ್ಟ ಮಾವ ಲೆಮ್ಯುಯೆಲ್ ಶಾ ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಾಧೀಶ. ಗುಲಾಮಗಿರಿ ಇಷ್ಟವಿಲ್ಲದಿದ್ದರೂ 1851ರಲ್ಲಿ, ಓಡಿ ಬಂದಿದ್ದ ಥಾಮಸ್ ಸಿಮ್ಸ್‌ನನ್ನು ಬಿಡಿಸಲು ಒಪ್ಪದೆ ಕಾನೂನಿನ ಮಾತೇ ಹಿಡಿದ. ಸಿಮ್ಸ್‌ನನ್ನು ಮತ್ತೆ ಗುಲಾಮಗಿರಿಗೆ ಕಳಿಸಿದರು. ಈ ಮಾವನ ದುಡ್ಡಿನಿಂದಲೇ ಮೆಲ್ವಿಲ್ ಸಂಸಾರ ಎಷ್ಟೋ ಸಲ ದಡ ಸೇರಿತ್ತು.

ಮೆಲ್ವಿಲ್ 1891ರಲ್ಲಿ ತೀರಿಕೊಂಡ. 'ಬಿಲ್ಲಿ ಬಡ್' ಹಸ್ತಪ್ರತಿ ಎಲಿಜಬೆತ್ ಜೋಪಾನ ಮಾಡಿದ ಕಾಗದಗಳ ನಡುವೆ ಉಳಿಯಿತು. 1919ರಲ್ಲಿ ರೇಮಂಡ್ ವೀವರ್ ಅನ್ನುವ ವಿದ್ವಾಂಸ ಮೊಮ್ಮಗಳ ಮನೆಯಲ್ಲಿ ಅದನ್ನು ಕಂಡ, 1924ರಲ್ಲಿ ಅಚ್ಚಾಯಿತು. ಮೆಲ್ವಿಲ್ ದೊಡ್ಡ ಲೇಖಕ ಅಂತ ಜಗತ್ತು ಒಪ್ಪಿದ್ದೂ ಆ ಹೊತ್ತಿಗೇ.

ಓದುವ ಕ್ರಮ ಹೇಳಬೇಕೆಂದರೆ ಮೊದಲು 'ಬಾರ್ಟಲ್‌ಬಿ', ಒಂದು ಸಂಜೆ ಸಾಕು. ಆಮೇಲೆ 'ಬೆನಿಟೊ ಸೆರೆನೊ'. ಅದಾದ ಮೇಲೆ 'ಮೋಬಿ ಡಿಕ್', ಬೇಕಾದರೆ ಬೇಸರ ತರುವ ಅಧ್ಯಾಯ ಹಾರಿಸಿ, ಯಾರೂ ಕೇಳಲ್ಲ. ಅವನ ಇನ್ನೊಂದು ಕಾದಂಬರಿ 'ಮಾರ್ಡಿ' ಸದ್ಯಕ್ಕೆ ಮುಟ್ಟಬೇಡಿ, ಅದು ನನ್ನಿಂದಲೇ ಮುಗಿದಿಲ್ಲ. ಈ ಮೊದಲ ಮೂರೂ ಪ್ರಾಜೆಕ್ಟ್ ಗುಟೆನ್‌ಬರ್ಗ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. 'ಬಿಲ್ಲಿ ಬಡ್' ಮಾತ್ರ ಕೊಳ್ಳುವ ಮುಂಚೆ ಒಳಗೆ ತೆರೆದು ನೋಡಿ. ಹಡಗಿನ ಹೆಸರು 'ಬೆಲಿಪೊಟೆಂಟ್' ಅಂತಿದ್ದರೆ ಅದು ಹಸ್ತಪ್ರತಿ ಕೂಲಂಕಷವಾಗಿ ನೋಡಿ 1962ರಲ್ಲಿ ತಿದ್ದಿದ ಪಠ್ಯ, ಅದನ್ನೇ ತೆಗೆದುಕೊಳ್ಳಿ. 'ಇನ್‌ಡಾಮಿಟಬಲ್' ಅಂತಿದ್ದರೆ ಹಳೆಯದು.