ಕರ್ಣನ ಪ್ರೊಫೈಲ್‌ಗೆ ಫೋಟೋ ಬೇಡ ಮೇಡಂ

ಹತ್ತನೇ ತರಗತಿಯ ‘ಕೌರವೇಂದ್ರನ ಕೊಂದೆ ನೀನು’ ಪದ್ಯಕ್ಕೆ ಕರ್ಣನ ಇನ್‌ಸ್ಟಾಗ್ರಾಮ್ ಪುಟ ಮಾಡಿಸಿದರೆ ಮಕ್ಕಳು ಸುಮ್ನೆ ಸೀರಿಯಲ್ ಫೋಟೋ ಅಂಟಿಸಿ ತರುತ್ತಾರೆ ಅಂದಿರಲ್ಲ, ನನಗೂ ಹಾಗೇ ಆಗಿತ್ತು. ಈಗ ಎರಡೇ ಪೋಸ್ಟ್ ಬರೆಸುತ್ತೇನೆ, ಅದೂ ಹಾಳೆಯ ಮೇಲೆ. ಕೃಷ್ಣ ಹುಟ್ಟಿನ ಗುಟ್ಟು ಹೇಳುವ ಮೊದಲಿನದೊಂದು, ಹೇಳಿದ ಮೇಲಿನದೊಂದು. ಪ್ರೊಫೈಲ್‌ನಲ್ಲಿ ರಾಧೇಯ ಅಂತಲೇ ಇರುತ್ತದಾ, ಕೌಂತೇಯ ಆಗುತ್ತದಾ? ದುರ್ಯೋಧನನಿಗೆ ಪೋಸ್ಟ್ ಕಾಣಬೇಕಾ? ಪ್ರತಿ ಉತ್ತರದ ಪಕ್ಕ ಪದ್ಯದ ಸಾಲು ಇರಲೇಬೇಕು. ಇಲ್ಲದಿದ್ದರೆ ಅಂಕ ಇಲ್ಲ, ಇದರಲ್ಲಿ ನಾನು ಸ್ವಲ್ಪ ಗಟ್ಟಿ!

ಒಬ್ಬ ಹುಡುಗಿ ಎರಡನೇ ಪೋಸ್ಟನ್ನು ಡ್ರಾಫ್ಟ್‌ನಲ್ಲೇ ಬಿಟ್ಟಿದ್ದಳು. ಯಾಕಮ್ಮಾ ಅಂದರೆ, ಕುಮಾರವ್ಯಾಸನ ‘ಎಂದನು ತನ್ನ ಮನದೊಳಗೆ’ ಸಾಲನ್ನು ತೋರಿಸಿದಳು. ‘ಅವನು ಹೊರಗೆ ಹೇಳಲೇ ಇಲ್ಲ ಅಲ್ವಾ ಮಿಸ್?’