ಪರಿಸರಸ್ನೇಹಿ ಸ್ನೋಬೋರ್ಡ್: ಯಾವ ಮಾತು ನಂಬಬೇಕು, ಯಾವುದನ್ನು ಓಡಿಸಿ ನೋಡಬೇಕು?

ಪ್ರಶ್ನೆ: ನಾನು ಸ್ನೋಬೋರ್ಡನ್ನು ಹೆಚ್ಚಾಗಿ ಗ್ರೂಮ್ ಮಾಡಿದ, ಅಂದರೆ ಯಂತ್ರದಿಂದ ಹಿಮ ಸಮ ಮಾಡಿದ ಇಳಿಜಾರಿನಲ್ಲಿ ಓಡಿಸುತ್ತೇನೆ. ಹೊಸ ಹಿಮ ಬಿದ್ದ ದಿನ ಮರಗಳ ನಡುವೆಯೂ ನುಗ್ಗುತ್ತೇನೆ. ಈ ಸಲ ಒಂದು ಆಲ್-ಮೌಂಟನ್ (ಎಲ್ಲ ಬಗೆಯ ಹಿಮಕ್ಕೂ ಆಗುವ) ಬೋರ್ಡ್ ಮೇಲೆ ಕಣ್ಣು ಬಿದ್ದಿದೆ. ಮರದ ಕೋರ್ (ಒಳತಿರುಳು), ಬಯೋ ರೆಸಿನ್, ಅಗಸೆ ನಾರು, ಮರುಬಳಕೆಯ ಸ್ಟೀಲ್ ಎಡ್ಜ್ (ಅಂಚಿನ ಪಟ್ಟಿ) ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಇದರಲ್ಲಿ ನಿಜ ಎಷ್ಟು, ಬರೀ ಮಾತು ಎಷ್ಟು?

ಉತ್ತರ: ‘ಮರದ ಕೋರ್’ ಅನ್ನುವುದನ್ನು ಮೊದಲು ಪಟ್ಟಿಯಿಂದ ಹೊಡೆದುಹಾಕಿ. ಹೆಚ್ಚುಕಡಿಮೆ ಎಲ್ಲ ಒಳ್ಳೆಯ ಬೋರ್ಡ್‌ಗಳ ಒಳಗೂ ಇರುವುದು ಮರವೇ. ಪಾಪ್ಲರ್, ಪೌಲೋನಿಯಾ, ಕೆಲವೊಮ್ಮೆ ಬಿದಿರು. ಇದು ಹೊಸದೂ ಅಲ್ಲ, ವಿಶೇಷವೂ ಅಲ್ಲ. ಆ ಮರ ಎಲ್ಲಿಂದ ಬಂತು ಎಂದು ಕೇಳಿ. ಎಫ್‌ಎಸ್‌ಸಿ ಗುರುತು ಇದ್ದರೆ ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡು ಕಡಿದ ಮರ ಎಂಬುದಕ್ಕೆ ಹೊರಗಿನವರ ತಪಾಸಣೆ ಇದೆ ಎಂದರ್ಥ. ಆ ಗುರುತಿನಲ್ಲೂ ‘100%’ ಬೇರೆ, ಬೇರೆ ಮೂಲದ್ದೂ ಬೆರೆತಿರುವ ‘ಮಿಕ್ಸ್’ ಬೇರೆ. ಸ್ವಲ್ಪ ಹತ್ತಿರದಿಂದ ಓದಿ.

ನಿಜವಾದ ವಿಷಯ ಇರುವುದು ರೆಸಿನ್‌ನಲ್ಲಿ. ಮರ, ಫೈಬರ್‌ಗ್ಲಾಸ್ (ಗಾಜಿನ ನಾರು), ಬೇಸ್ (ತಳ), ಎಡ್ಜ್ ಎಲ್ಲವನ್ನೂ ಹಿಡಿದಿಡುವ ಅಂಟೇ ಈ ರೆಸಿನ್, ಹೆಸರು ಎಪಾಕ್ಸಿ. ಅದು ಸಾಮಾನ್ಯವಾಗಿ ಪೆಟ್ರೋಲಿಯಂನಿಂದ ಬರುತ್ತದೆ. ‘ಬಯೋ’ ಎಪಾಕ್ಸಿಯಲ್ಲಿ ಅದರ ಒಂದು ಭಾಗವನ್ನು ಗಿಡಮರ ಮೂಲದ ವಸ್ತುವಿನಿಂದ ಬದಲಿಸಿರುತ್ತಾರೆ. ಒಂದು ಭಾಗ ಮಾತ್ರ, ಪೂರ್ತಿ ಅಲ್ಲ. ಹಾಗಾಗಿ ‘ಬಯೋ’ ಎಂಬ ಪದ ನೋಡಿ ಖುಷಿಪಡಬೇಡಿ, ಶೇಕಡಾ ಎಷ್ಟು ಎಂದು ಕೇಳಿ. ಇದನ್ನು ಅಳೆಯಲು ಎಎಸ್‌ಟಿಎಂ ಡಿ6866 ಎಂಬ ಪರೀಕ್ಷೆಯೇ ಇದೆ. ಅದರ ಹಿಂದಿನ ಲೆಕ್ಕ ಚಂದವಾಗಿದೆ. ಇತ್ತೀಚೆಗೆ ಬೆಳೆದ ಗಿಡದಲ್ಲಿ ಕಾರ್ಬನ್-14 (ಕಾಲ ಕಳೆದಂತೆ ತಾನಾಗಿ ಕಡಿಮೆಯಾಗುವ ಇಂಗಾಲದ ರೂಪ) ಇರುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಎಣ್ಣೆಯಲ್ಲಿ ಅದು ಕ್ಷಯಿಸಿ ಹೋಗಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ಮಾದರಿಯಲ್ಲಿ ಕಾರ್ಬನ್-14 ಎಷ್ಟಿದೆ ಎಂದು ನೋಡಿದರೆ ಗಿಡದ ಪಾಲು ಎಷ್ಟು ಎಂಬುದು ಹೊರಬೀಳುತ್ತದೆ. ಇಂಥ ಅಂಕಿ ಕೊಡುವ ಕಂಪನಿ ಇದ್ದರೆ ಮರ್ಯಾದೆ ಕೊಡಿ. ಬರೀ ಎಲೆಯ ಚಿತ್ರ ಹಾಕಿದ್ದರೆ ಮುಂದೆ ಹೋಗಿ.

ಇನ್ನೊಂದು ತಪ್ಪು ತಿಳಿವಳಿಕೆ: ಬಯೋ ರೆಸಿನ್ ಅಂದರೆ ಬೋರ್ಡ್ ಮಣ್ಣಲ್ಲಿ ಕರಗುತ್ತದೆ ಎಂದು ಕೆಲವರು ಅಂದುಕೊಳ್ಳುತ್ತಾರೆ. ಇಲ್ಲ. ಒಮ್ಮೆ ಗಟ್ಟಿಯಾದ ಎಪಾಕ್ಸಿ ಬೇಯಿಸಿದ ಮೊಟ್ಟೆಯ ಹಾಗೆ, ಮತ್ತೆ ಬಿಸಿ ಮಾಡಿದರೂ ಕರಗಿ ಹಿಂದಿನ ಸ್ಥಿತಿಗೆ ಬರುವುದಿಲ್ಲ. ಮರ, ಗಾಜಿನ ನಾರು, ಸ್ಟೀಲ್, ಪ್ಲಾಸ್ಟಿಕ್ ಎಲ್ಲ ಅದರೊಳಗೆ ಸಿಕ್ಕಿಕೊಂಡಿರುತ್ತವೆ. ಬೋರ್ಡ್‌ಗಳ ಮರುಬಳಕೆ ಇಷ್ಟು ಕಷ್ಟವಾಗಿರುವುದಕ್ಕೆ ಇದೇ ಕಾರಣ.

ಉಳಿದವು ಬೇಗ ಮುಗಿಯುತ್ತವೆ. ಎಡ್ಜ್‌ನಲ್ಲಿ ಮರುಬಳಕೆಯ ಸ್ಟೀಲ್ ಇದ್ದರೆ ಒಳ್ಳೆಯದೇ, ಓಟದಲ್ಲಿ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹರಳು ಬೀಜದ ಎಣ್ಣೆಯಿಂದ ಮಾಡಿದ ಟಾಪ್‌ಶೀಟ್ ಕೂಡ ಇದೆ, ಚೆನ್ನಾಗಿಯೇ ಇರುತ್ತದೆ. ಆದರೆ ಅದು ತೆಳ್ಳಗಿನ ಮೇಲ್ಪದರ. ಮೇಲ್ಪದರ ಒಂದನ್ನೇ ಬದಲಿಸಿ ಇಡೀ ಬೋರ್ಡ್ ಹಸಿರು ಅನ್ನುವುದು ಸ್ವಲ್ಪ ಜಾಸ್ತಿ ಆಯಿತು, ಅಲ್ವಾ? ಅದಕ್ಕಿಂತ ಕಾರ್ಖಾನೆ ಯಾವ ವಿದ್ಯುತ್‌ನಲ್ಲಿ ನಡೆಯುತ್ತದೆ ಎಂದು ವಿಚಾರಿಸಿ. ಬಿಸಿ ಪ್ರೆಸ್‌ಗಳಿಗೆ ಶಕ್ತಿ ಬೇಕು. ಆಸ್ಟ್ರಿಯಾದ ಫೈಸ್ಟ್ರಿಟ್ಜ್‌ನಲ್ಲಿರುವ, ಸ್ನೋಬೋರ್ಡ್ ಕಂಪನಿ ಕ್ಯಾಪಿಟಾದ ಕಾರ್ಖಾನೆ ಜಲವಿದ್ಯುತ್ ಬಳಸುತ್ತದೆ. ಹೀಗೆ ಬಿಡಿಸಿ ಹೇಳುವವರ ಮಾತಿಗೆ ತೂಕ ಇರುತ್ತದೆ.

ಪ್ರಶ್ನೆ: ಅದೇ ಬೋರ್ಡ್ ಒಂದು ದಿನಕ್ಕೆ ಬಾಡಿಗೆಗೆ ಸಿಗುತ್ತದೆ. ಓಡಿಸುವಾಗ ಏನು ಗಮನಿಸಬೇಕು? ಇಂಥ ಬೋರ್ಡ್‌ಗಳು ಮೆದು, ಬೇಗ ಜೀವ ಕಳೆದುಕೊಳ್ಳುತ್ತವೆ ಎಂದು ಗೆಳೆಯರು ಹೆದರಿಸುತ್ತಾರೆ.

ಉತ್ತರ: ಬಾಡಿಗೆ ಬೋರ್ಡ್ ನಿಮ್ಮ ಅದೃಷ್ಟ. ಅದನ್ನು ಆಗಲೇ ಬೇಕಾದಷ್ಟು ಜನ ಬಂಡೆಗೆ ಹೊಡೆದಿರುತ್ತಾರೆ. ಹಿಮಕ್ಕೆ ಇಳಿಯುವ ಮೊದಲೇ ಮೂತಿ ಮತ್ತು ಬಾಲದ ತುದಿ ನೋಡಿ. ಪದರಗಳು ಬಾಯಿ ಬಿಟ್ಟಿವೆಯಾ? ಸೈಡ್‌ವಾಲ್ (ಪಕ್ಕದ ಗೋಡೆ) ಎಡ್ಜ್‌ಗೆ ಸೇರುವಲ್ಲಿ ಉಗುರು ತೂರುವಷ್ಟು ಸಂದಿ ಇದೆಯಾ? ಆಮೇಲೆ ಸಮತಟ್ಟಾದ ಮೇಜಿನ ಮೇಲಿಡಿ. ಕ್ಯಾಂಬರ್ (ಬಿಲ್ಲಿನಂಥ ಬಾಗು) ಇರುವ ಬೋರ್ಡ್ ಆದರೆ ಕಾಲುಗಳ ನಡುವಿನ ಭಾಗ ಎದ್ದು ನಿಲ್ಲಬೇಕು. ಅಂಗಡಿಯಲ್ಲಿರುವ ಹೊಸ ಬೋರ್ಡ್ ಪಕ್ಕದಲ್ಲಿಟ್ಟು ಹೋಲಿಸಿ. ಬಳಸಿದ್ದು ತುಂಬಾ ಚಪ್ಪಟೆಯಾಗಿದ್ದರೆ ಗೆಳೆಯರ ಮಾತಿನಲ್ಲಿ ಹುರುಳಿದೆ.

ಎಡ್ಜ್ ಹರಿತವಾಗಿದೆಯೇ ಎಂದೂ ನೋಡಿ. ಮೊಂಡಾದ ಎಡ್ಜ್ ಮೇಲೆ ಯಾವ ಬೋರ್ಡ್ ಆದರೂ ಜಾರುತ್ತದೆ, ತಪ್ಪು ಮಾತ್ರ ರೆಸಿನ್ ತಲೆಗೆ ಬರುತ್ತದೆ. ನಿಮ್ಮದೇ ಬೂಟು ಹಾಕಿ. ನಡುವಿನ ಅಗಲ ಸಾಲದೆ ಬೂಟಿನ ತುದಿ ಹೊರಗೆ ಜಾಸ್ತಿ ಚಾಚಿದರೆ ತಿರುವಿನಲ್ಲಿ ಅದು ಹಿಮಕ್ಕೆ ತಾಗುತ್ತದೆ.

ಬೆಳಗಿನ ಗಟ್ಟಿ ಹಿಮದಲ್ಲಿ ಮೊದಲ ಓಟ ಮಾಡಿ. ಉದ್ದ ತಿರುವಿನಲ್ಲಿ ಎಡ್ಜ್ ಹಿಡಿಯುತ್ತದೆಯೋ ಬಿಡುತ್ತದೆಯೋ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ವೇಗ ಏರಿಸಿ, ಮೂತಿ ನಡುಗುತ್ತದಾ ನೋಡಿ. ಅಗಸೆ ನಾರಿನ ಗುಣ ಕಾಣುವುದು ಇಲ್ಲೇ. ಗಾಜಿನ ನಾರಿಗಿಂತ ಅದು ನಡುಕವನ್ನು ಚೆನ್ನಾಗಿ ನುಂಗುತ್ತದೆ, ಬೋರ್ಡ್ ಶಾಂತವಾಗಿ ಓಡುತ್ತದೆ. ಪೂರ್ತಿ ಬಿಗಿ ಬೇಕಾದವರಿಗೆ ಅದೊಂದೇ ಸಾಲದು. ಹಾಗಾಗಿಯೇ ಗಾಜು ಅಥವಾ ಕಾರ್ಬನ್ ಜೊತೆ ಬೆರೆಸಿ ಹಾಕುತ್ತಾರೆ. ಕೆಲವರಿಗೆ ಈ ಶಾಂತತೆಯೇ ‘ಸತ್ತ ಹಾಗೆ’ ಅನಿಸುತ್ತದೆ. ಅದು ದೋಷವಲ್ಲ, ರುಚಿಯ ವಿಷಯ. ಜಿಗಿಯುವುದೇ ಇಷ್ಟ ಅನ್ನುವವರಿಗೆ ಬಿದಿರಿನ ಪುಟಿತ ಹಿಡಿಸಬಹುದು, ಆದರೆ ಪೌಲೋನಿಯಾಗಿಂತ ತೂಕ ಜಾಸ್ತಿ.

ಮಧ್ಯಾಹ್ನದ ಮೇಲೆ, ಎಲ್ಲರೂ ತುಳಿದು ಗುಡ್ಡೆಗುಡ್ಡೆಯಾದ ಹಿಮದಲ್ಲಿ ಮತ್ತೊಮ್ಮೆ ಹೋಗಿ. ಕಾಲು ದಣಿದಿರುವಾಗ ಬೋರ್ಡ್ ನಿಮ್ಮನ್ನು ಕ್ಷಮಿಸುತ್ತದಾ? ಆಲ್-ಮೌಂಟನ್ ಅನ್ನುವ ಹೆಸರು ನಿಜವೋ ಸುಳ್ಳೋ ಎಂದು ನಾನು ತೀರ್ಮಾನಿಸುವುದು ಈ ಓಟದಲ್ಲಿ. ಫ್ಲೆಕ್ಸ್‌ಗೆ, ಅಂದರೆ ಬೋರ್ಡ್ ಎಷ್ಟು ಬಿಗಿ ಎಂಬುದಕ್ಕೆ ಕೊಡುವ 1ರಿಂದ 10ರ ಅಂಕಿಯನ್ನು ಹೆಚ್ಚು ನಂಬಬೇಡಿ. ಪ್ರತಿ ಕಂಪನಿಗೂ ಅದರದೇ ಅಳತೆ.

ಹಸಿರು ಬೋರ್ಡ್ ಬೇಗ ಸಾಯುತ್ತದೆ ಅನ್ನುವುದು ಎಲ್ಲದಕ್ಕೂ ಅನ್ವಯಿಸುವ ಮಾತಲ್ಲ. ಚೆನ್ನಾಗಿ ಅಂಟಿಸಿದ್ದು ಬಾಳುತ್ತದೆ, ಕೆಟ್ಟದಾಗಿ ಅಂಟಿಸಿದ್ದು ಬಿಟ್ಟುಕೊಳ್ಳುತ್ತದೆ, ರೆಸಿನ್ ಯಾವುದೇ ಇರಲಿ. ಆದರೆ ಒಂದು ಮಾತು ಖಂಡಿತ: ಎರಡು ಸೀಸನ್‌ಗೆ ಬಿರುಕು ಬಿಡುವ ಹಸಿರು ಬೋರ್ಡ್‌ಗಿಂತ ಆರು ಸೀಸನ್ ಬಾಳುವ ಮಾಮೂಲಿ ಬೋರ್ಡ್ ಪರಿಸರಕ್ಕೆ ಮೇಲು. ವಾರಂಟಿ ಎಷ್ಟು ವರ್ಷ ಎಂಬುದನ್ನು ಹಸಿರು ಲೇಬಲ್‌ಗಿಂತ ಮೊದಲು ಓದಿ.

ಪ್ರಶ್ನೆ: ನನ್ನ ಹಳೆ ಬೋರ್ಡ್‌ನ ಬೇಸ್‌ನಲ್ಲಿ ಮರ ಕಾಣುವಷ್ಟು ಆಳದ ಗಾಯ ಆಗಿದೆ. ಇದನ್ನು ಬಿಟ್ಟು ಪರಿಸರಸ್ನೇಹಿ ಹೊಸದು ಕೊಳ್ಳಲೇ?

ಉತ್ತರ: ಸುಮ್ನೆ ಯಾಕೆ? ಮೊದಲು ರಿಪೇರಿ ಮಾಡಿಸಿ. ಈಗ ಅದರ ಮೇಲೆ ಓಡಿಸಬೇಡಿ. ನೀರು ಒಳಗೆ ಹೋದರೆ ಮರ ಉಬ್ಬಿ ಅಂಟು ಬಿಡುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಎಪಾಕ್ಸಿ ತುಂಬಿಸಿ ಬೇಸ್ ತೇಪೆ ಹಾಕಿಸಿ. ಒದ್ದೆ ಇರುವಾಗಲೇ ಮುಚ್ಚಿದರೆ ಇದ್ದದ್ದೂ ಹಾಳು. ಎಕ್ಸ್‌ಟ್ರೂಡೆಡ್ (ಪ್ಲಾಸ್ಟಿಕ್ ಕರಗಿಸಿ ಹಾಳೆ ಮಾಡಿದ) ಬೇಸ್ ಆದರೆ ತೇಪೆ ಸುಲಭ. ಸಿಂಟರ್ಡ್ (ಪ್ಲಾಸ್ಟಿಕ್ ಪುಡಿಯನ್ನು ಬಿಸಿಯಲ್ಲಿ ಒತ್ತಿ ಮಾಡಿದ) ಬೇಸ್ ಆದರೆ ಕೈಪಳಗಿದವರಿಗೇ ಕೊಡಿ. ಬೈಂಡಿಂಗ್ (ಬೂಟು ಕಟ್ಟುವ ಪಟ್ಟಿ) ಸ್ಕ್ರೂ ಕೂರುವ ಇನ್ಸರ್ಟ್ ಕಿತ್ತು ಬಂದಿದ್ದರೆ, ಅಥವಾ ಎಡ್ಜ್ ಉದ್ದಕ್ಕೂ ಪದರ ಬಿಟ್ಟಿದ್ದರೆ ಮಾತ್ರ ಹೊಸದರ ಯೋಚನೆ ಮಾಡಿ.

ರಿಪೇರಿ ಆದ ಮೇಲೆ ಫ್ಲೋರಿನ್ ಇಲ್ಲದ ವ್ಯಾಕ್ಸ್ (ಬೋರ್ಡ್ ಚೆನ್ನಾಗಿ ಜಾರಲು ತಳಕ್ಕೆ ಹಚ್ಚುವ ಮೇಣ) ಹಾಕಿ. ಫ್ಲೋರಿನ್ ವ್ಯಾಕ್ಸ್‌ನ ರಾಸಾಯನಿಕಗಳು ಹಿಮ ಕರಗಿದಾಗ ನೀರಿಗೆ, ಮಣ್ಣಿಗೆ ಸೇರಿ ಹಾಗೇ ಉಳಿಯುತ್ತವೆ. ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಫೆಡರೇಶನ್ 2023–24ರ ಸೀಸನ್‌ನಿಂದ ತನ್ನ ಸ್ಪರ್ಧೆಗಳಲ್ಲಿ ಅದನ್ನು ಪೂರ್ತಿ ನಿಷೇಧಿಸಿದೆ. ಸೆಕೆಂಡಿನ ನೂರನೇ ಭಾಗಕ್ಕೆ ಹೋರಾಡುವವರೇ ಅದನ್ನು ಬಿಟ್ಟಿದ್ದಾರೆ. ವಾರಾಂತ್ಯದ ಓಟಕ್ಕೆ ಅದು ಬೇಕಾಗಿಯೇ ಇಲ್ಲ.